ದೊಡ್ಡಮ್ಮನ ಪ್ರಶ್ನೆ ನಮ್ಮ ಸಿಲಬಸ್ಸಿನಲ್ಲಿ ಇರಲಿಲ್ಲ

ಐದನೇ ಸೆಮಿಸ್ಟರ್‌ನಲ್ಲಿದ್ದಾಗ ನಮ್ಮ ಕ್ಲಾಸಿನವರನ್ನೆಲ್ಲ ಇಂಡಸ್ಟ್ರಿಯಲ್ ವಿಸಿಟ್‌ಗೆಂದು ಪಾವಗಡದ ಸೋಲಾರ್ ಪಾರ್ಕ್‌ಗೆ ಕರೆದುಕೊಂಡು ಹೋಗಿದ್ದರು. ತುಮಕೂರಿನಿಂದ ಬೆಳಿಗ್ಗೆ ಆರಕ್ಕೆ ಬಸ್ಸು. ದಾರಿಯುದ್ದಕ್ಕೂ ಅಂತ್ಯಾಕ್ಷರಿ, ಹುಡುಗರ ಕಿರುಚಾಟ, ಡಬ್ಬಿಯಲ್ಲಿದ್ದ ಪುಳಿಯೋಗರೆ. ತಿರುಮಣಿ ಹತ್ತಿರ ಬರುತ್ತಿದ್ದಂತೆ ಎಲ್ಲರೂ ಸುಮ್ಮನಾದೆವು. ಕಣ್ಣು ಹಾಯಿಸಿದಷ್ಟು ದೂರ ನೀಲಿ ಫಲಕಗಳು. ಕೆರೆಯಲ್ಲಿ ನೀರು ನಿಂತಿದೆಯೇನೋ ಅನ್ನಿಸುತ್ತಿತ್ತು. ಆದರೆ ಅದು ನೀರಿಗಾಗಿ ಹಂಬಲಿಸುವ ಸೀಮೆ.

ನಾವು ನೋಟ್ ಬುಕ್ ತೆಗೆದು ಬರೆದುಕೊಂಡೆವು: ಸಾಮರ್ಥ್ಯ 2,050 ಮೆಗಾವಾಟ್. ವಿಸ್ತೀರ್ಣ ಸುಮಾರು 13,000 ಎಕರೆ. ಐದು ಹಳ್ಳಿಗಳ ಜಮೀನು. ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಸಬ್‌ಸ್ಟೇಷನ್ ಎಲ್ಲದರ ಚಿತ್ರ ಬಿಡಿಸಿದೆವು. ಸೆಲ್ಫಿ ತೆಗೆದುಕೊಂಡೆವು. ಇಲೆಕ್ಟ್ರಿಕಲ್ ಓದುವ ನನಗೆ ಅವತ್ತು ಮೊದಲ ಸಲ ನನ್ನ ಬ್ರಾಂಚ್ ಬಗ್ಗೆ ಹೆಮ್ಮೆ ಅನ್ನಿಸಿತು. ಬಿಸಿಲು, ಬರ ಬಿಟ್ಟರೆ ಬೇರೇನೂ ಇಲ್ಲ ಎಂದು ನಾವೇ ಬೈದುಕೊಳ್ಳುತ್ತಿದ್ದ ಸೀಮೆಯಲ್ಲಿ ಬಿಸಿಲೇ ಬೆಳೆಯಾಗಿತ್ತು.

ಆ ವಾರ ಮಧುಗಿರಿಗೆ, ನಮ್ಮ ಮನೆಗೆ ಹೋದಾಗ ಹಳ್ಳಿಯಿಂದ ದೊಡ್ಡಮ್ಮ ಬಂದಿದ್ದರು. ಅವರಿಗೆ ಸ್ವಂತ ಜಮೀನಿಲ್ಲ. ಕಡಲೆಕಾಯಿ ಕೀಳೋದು, ಕಳೆ ತೆಗೆಯೋದು, ರಾಗಿ ಕೊಯ್ಲು ಹೀಗೆ ಕೂಲಿ ಮಾಡಿಯೇ ಮೂವರು ಮಕ್ಕಳನ್ನು ದಡ ಸೇರಿಸಿದವರು. ಮೊಬೈಲಿನಲ್ಲಿ ಫೋಟೊ ತೋರಿಸಿ, ನಾನು ಬರೆದುಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ದೊಡ್ಡಮ್ಮ ಫೋಟೊವನ್ನು ಬೆರಳಲ್ಲಿ ಅತ್ತಿತ್ತ ಸರಿಸಿ ನೋಡಿದರು.

‘ಈ ಹೊಲ ಎಲ್ಲ ಯಾರದಮ್ಮ?’

‘ರೈತರದ್ದೇ ದೊಡ್ಡಮ್ಮ. ಗುತ್ತಿಗೆಗೆ ಕೊಟ್ಟಿದ್ದಾರೆ. ವರ್ಷವರ್ಷ ದುಡ್ಡು ಬರುತ್ತೆ.’

‘ಹೊಲ ಇರೋರಿಗೆ ದುಡ್ಡು ಬಂತು, ಸರಿ. ಆ ಹೊಲಕ್ಕೆ ಕೂಲಿಗೆ ಹೋಗ್ತಿದ್ರಲ್ಲ, ಅವರು ಈಗ ಎಲ್ಲಿಗೆ ಹೋಗ್ತಾರೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನೋಟ್ ಬುಕ್ಕಿನಲ್ಲೂ ಇರಲಿಲ್ಲ. ಸೋಮವಾರ ಕ್ಲಾಸಿನಲ್ಲಿ ಧೈರ್ಯ ಮಾಡಿ ಕೇಳಿದೆ. ನಮ್ಮ ಸರ್ ಒಳ್ಳೆಯವರು, ನಗುತ್ತಲೇ ಹೇಳಿದರು: ‘ಒಳ್ಳೇ ಪ್ರಶ್ನೆ ಕಣಮ್ಮ, ಆದರೆ ನಮ್ಮ ಸಬ್ಜೆಕ್ಟ್ ಅಲ್ಲ.’

ಹಾಗಾದರೆ ಇದು ಯಾರ ಸಬ್ಜೆಕ್ಟ್? ಈ ಒಂದು ಪ್ರಶ್ನೆ ಬೆನ್ನು ಹತ್ತಿ ಕಳೆದ ಎಂಟು ತಿಂಗಳಿಂದ ನಾನು ಓದುತ್ತಾ, ಕೇಳುತ್ತಾ ಬಂದಿದ್ದೇನೆ. ನನ್ನ ಹಾಗೆ ಬಿಇ, ಬಿಎಸ್ಸಿ, ಬಿಕಾಂ ಓದುತ್ತಾ ‘ಮುಂದೇನು’ ಎಂದು ತಲೆ ಕೆಡಿಸಿಕೊಂಡವರಿಗೆ ಉಪಯೋಗವಾಗಬಹುದು ಎಂದು ಇದನ್ನು ಬರೆಯುತ್ತಿದ್ದೇನೆ.

ಒಂದು ಜಮೀನು, ಹಲವು ಪ್ರಶ್ನೆ

ಉತ್ತರದ ದಾರಿ ತೋರಿಸಿದ್ದು ನಮ್ಮ ಕಾಲೇಜಿನ ಒಬ್ಬ ಅಕ್ಕ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮುಗಿಸಿ ಈಗ ಬೆಂಗಳೂರಿನಲ್ಲಿ ಡೆವಲಪ್‌ಮೆಂಟ್ ವಿಷಯದಲ್ಲಿ ಎಂಎ ಮಾಡುತ್ತಿದ್ದಾರೆ. ‘ಇಂಜಿನಿಯರಿಂಗ್ ಮಾಡಿ ಎಂಎನಾ?’ ಎಂದು ಊರೆಲ್ಲ ನಕ್ಕಿತ್ತು ಎಂದು ಕೇಳಿದ್ದೆ. ನಾನೂ ಒಳಗೊಳಗೆ ನಕ್ಕಿದ್ದೆ, ಸುಳ್ಳೇಕೆ ಹೇಳಲಿ. ದೀಪಾವಳಿಗೆ ಅವರು ಊರಿಗೆ ಬಂದಾಗ ಹೋಗಿ ದೊಡ್ಡಮ್ಮನ ಪ್ರಶ್ನೆ ಹೇಳಿದೆ.

‘ನಮ್ಮ ಕೋರ್ಸು ಶುರುವಾಗೋದೇ ಇಂಥ ಪ್ರಶ್ನೆಯಿಂದ’ ಅಂದರು ಅಕ್ಕ.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮಾಮೂಲಿ ಎಂಎಯಲ್ಲಿ ಒಂದು ಶಾಸ್ತ್ರವನ್ನು ಹಿಡಿದು ಅದರ ಆಳಕ್ಕೆ ಇಳಿಯುತ್ತೇವೆ. ಅರ್ಥಶಾಸ್ತ್ರವಾದರೆ ಅರ್ಥಶಾಸ್ತ್ರ, ಇತಿಹಾಸವಾದರೆ ಇತಿಹಾಸ. ಅಂತರಶಿಸ್ತೀಯ ಸಮಾಜ ವಿಜ್ಞಾನದ ಎಂಎಯಲ್ಲಿ ಕ್ರಮ ತಿರುವುಮುರುವು. ಮೊದಲು ಸಮಸ್ಯೆಯನ್ನು ಮುಂದಿಟ್ಟುಕೊಳ್ಳುತ್ತಾರೆ. ಹವಾಮಾನ ಬದಲಾವಣೆ, ನೀರು, ವಲಸೆ, ಅಸಮಾನತೆ, ಆಹಾರ, ಇಂಧನ, ಸಾಂಕ್ರಾಮಿಕ ರೋಗ. ಇವು ಯಾವ ದೇಶದ ಗಡಿಯೊಳಗೂ ನಿಲ್ಲುವಂಥವಲ್ಲ, ಯಾವ ಒಂದು ಶಾಸ್ತ್ರಕ್ಕೂ ದಕ್ಕುವಂಥವಲ್ಲ. ಅದಕ್ಕೇ ಒಂದೇ ಸಮಸ್ಯೆಯನ್ನು ನಾಲ್ಕೈದು ಶಾಸ್ತ್ರಗಳ ಕಡೆಯಿಂದ ನೋಡಲು ಕಲಿಸುತ್ತಾರೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಹೆಸರನ್ನು ನಾವೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ಅದರಲ್ಲಿ ಏಳನೆಯದು ಎಲ್ಲರಿಗೂ ಶುದ್ಧ ಇಂಧನ, ಹತ್ತನೆಯದು ಅಸಮಾನತೆ ತಗ್ಗಿಸುವುದು. ಏಳನೆಯದನ್ನು ಸಾಧಿಸಲು ಹೋಗಿ ಹತ್ತನೆಯದು ಕೆಟ್ಟರೆ ಏನು ಮಾಡುವುದು? ಇಂಥದ್ದು ಅಲ್ಲಿ ಕ್ಲಾಸಿನ ಚರ್ಚೆ.

ಅಕ್ಕ ಒಂದು ಹಾಳೆ ತೆಗೆದುಕೊಂಡು ಪಾವಗಡವನ್ನೇ ಉದಾಹರಣೆ ಮಾಡಿದರು.

ಅರ್ಥಶಾಸ್ತ್ರ ಓದಿದವರು ಲೆಕ್ಕ ಹಾಕುತ್ತಾರೆ. ಇಲ್ಲಿ ಸರ್ಕಾರ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಹೆಚ್ಚಳ. 13,000 ಎಕರೆಗೂ ಇದೇ ದರ ಹಿಡಿದರೆ ಮೊದಲ ವರ್ಷವೇ 27 ಕೋಟಿ ರೂಪಾಯಿ ದಾಟುತ್ತದೆ. ಮಳೆ ಕೈಕೊಟ್ಟ ವರ್ಷ ಬೀಜದ ಖರ್ಚೂ ಹುಟ್ಟದ ನೆಲಕ್ಕೆ ಇದು ಸಣ್ಣ ದುಡ್ಡಲ್ಲ. ಜಮೀನಿನ ಒಡೆತನವೂ ರೈತರಲ್ಲೇ ಉಳಿಯಿತು. ದೇಶದ ಬೇರೆಡೆ ಯೋಜನೆಗಳಿಗೆ ಭೂಮಿ ಕಳೆದುಕೊಂಡವರ ಕಥೆ ಕೇಳಿದವರಿಗೆ ಇದು ಎಷ್ಟು ದೊಡ್ಡ ಹೆಜ್ಜೆ ಎಂದು ಗೊತ್ತಾಗುತ್ತದೆ.

ಸಮಾಜಶಾಸ್ತ್ರದವರು ಅದೇ ಲೆಕ್ಕವನ್ನು ಎತ್ತಿಕೊಂಡು, ಈ ದುಡ್ಡು ಯಾವ ಮನೆಗೆ ಹೋಯಿತು, ಯಾವ ಮನೆಗೆ ಹೋಗಲಿಲ್ಲ ಎಂದು ಕೇಳುತ್ತಾರೆ. ಗುತ್ತಿಗೆ ಹಣ ಎಕರೆ ಲೆಕ್ಕದಲ್ಲಿ ಬರುವುದರಿಂದ ಹತ್ತು ಎಕರೆ ಇದ್ದವರಿಗೆ ಹತ್ತು ಪಾಲು, ಒಂದು ಎಕರೆ ಇದ್ದವರಿಗೆ ಒಂದು ಪಾಲು, ಜಮೀನಿಲ್ಲದವರಿಗೆ ಸೊನ್ನೆ. ನಮ್ಮ ಸೀಮೆಯಲ್ಲಿ ಜಮೀನು ಯಾರ ಹತ್ತಿರ ಇದೆ, ಯಾರ ಹತ್ತಿರ ಇಲ್ಲ ಎಂಬುದಕ್ಕೂ ಜಾತಿಗೂ ಇರುವ ನಂಟು ಎಲ್ಲರಿಗೂ ಗೊತ್ತಿದ್ದದ್ದೇ. ಪಹಣಿ ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ ಹೆಂಗಸರ ಸ್ಥಿತಿಯೂ ಹೊರಬರುತ್ತದೆ. ಕುರಿ, ಮೇಕೆ ಮೇಯಿಸುವವರಿಗೆ ಬೇಲಿಯೊಳಗೆ ಜಾಗವಿಲ್ಲ.

ರಾಜ್ಯಶಾಸ್ತ್ರದವರು, ಇದನ್ನು ತೀರ್ಮಾನಿಸಿದವರು ಯಾರು, ಆ ಸಭೆಯಲ್ಲಿ ಕೂಲಿಕಾರರ ಪರವಾಗಿ ಯಾರು ಕೂತಿದ್ದರು ಎಂದು ನೋಡುತ್ತಾರೆ. ಇತಿಹಾಸದವರು, ಈ ಸೀಮೆ ಬರಡಾದದ್ದು ಹೇಗೆ, ಕೆರೆಗಳು ಯಾವಾಗ ಹೂಳು ತುಂಬಿದವು, ಜನ ಬೆಂಗಳೂರಿಗೆ ಗುಳೆ ಹೋಗಲು ಶುರು ಮಾಡಿದ್ದು ಯಾವಾಗ ಎಂದು ಹಿಂದೆ ಹೋಗುತ್ತಾರೆ.

‘ಈಗ ಹೇಳು, ಸೋಲಾರ್ ಪಾರ್ಕು ಒಳ್ಳೇದಾ ಕೆಟ್ಟದ್ದಾ?’ ಎಂದರು ಅಕ್ಕ.

‘ಎರಡೂ ಹೇಳಕ್ಕಾಗಲ್ಲ.’

‘ಹಾಗಲ್ಲ. ಯಾರಿಗೆ ಎಷ್ಟು ಒಳ್ಳೇದು, ಯಾರಿಗೆ ಎಷ್ಟು ಕೆಟ್ಟದ್ದು, ಮುಂದಿನ ಸಲ ಕಟ್ಟೋವಾಗ ಏನು ಬದಲಾಯಿಸಬಹುದು ಅಂತ ಹೇಳಕ್ಕೆ ಆಗುತ್ತೆ. ಅದಕ್ಕೇ ಎರಡು ವರ್ಷ ಓದೋದು.’

ಹಸಿವಿನ ಲೆಕ್ಕ, ನೀರಿನ ಲೆಕ್ಕ

ಅಕ್ಕ ಕೊಟ್ಟ ಓದಿನ ಪಟ್ಟಿಯಲ್ಲಿ ಇಬ್ಬರು ನನ್ನನ್ನು ಹಿಡಿದು ನಿಲ್ಲಿಸಿದರು.

ಒಬ್ಬರು ಅಮರ್ತ್ಯ ಸೇನ್. 1943ರ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತಾಗ ಅವರಿಗೆ ಒಂಬತ್ತು ವರ್ಷ. ಆಹಾರ ಇರಲಿಲ್ಲ, ಅದಕ್ಕೆ ಸತ್ತರು ಎಂದೇ ಎಲ್ಲರೂ ನಂಬಿದ್ದರು. 1981ರಲ್ಲಿ ಬಂದ ಪುಸ್ತಕದಲ್ಲಿ ಸೇನ್ ಅಂಕಿಅಂಶ ಇಟ್ಟು ಬೇರೆಯದೇ ವಾದ ಮಂಡಿಸಿದರು. ಆ ವರ್ಷ ಆಹಾರದ ಒಟ್ಟು ಲಭ್ಯತೆ ಅಷ್ಟೊಂದು ಕುಸಿದಿರಲಿಲ್ಲ. ಬೆಲೆ ಏರಿತು, ಕೂಲಿ ಏರಲಿಲ್ಲ. ಅಕ್ಕಿ ಇದ್ದರೂ ಅದನ್ನು ಪಡೆಯುವ ಶಕ್ತಿ ಕೂಲಿಕಾರರಿಗೆ, ಮೀನುಗಾರರಿಗೆ, ಸಣ್ಣಪುಟ್ಟ ಕಸುಬಿನವರಿಗೆ ಉಳಿಯಲಿಲ್ಲ. ಸ್ವಂತ ಜಮೀನಿನಲ್ಲಿ ಬೆಳೆದುಕೊಳ್ಳುತ್ತಿದ್ದವರು ಅವರಿಗಿಂತ ತಡೆದುಕೊಂಡರು. ಇದನ್ನು ಓದುವಾಗ ನನಗೆ ದೊಡ್ಡಮ್ಮನೇ ನೆನಪಾದರು. ಒಟ್ಟು ಎಷ್ಟು ಎಂದು ಲೆಕ್ಕ ಹಾಕುವುದು ನಮಗೆ ಕಾಲೇಜಿನಲ್ಲಿ ಚೆನ್ನಾಗಿ ಬರುತ್ತದೆ. ಯಾರಿಗೆ ಎಷ್ಟು ಎಂದು ಕೇಳಿದ್ದು ಕಡಿಮೆ.

ಇನ್ನೊಬ್ಬರು ಅಮೆರಿಕದ ಎಲಿನಾರ್ ಆಸ್ಟ್ರಾಮ್. ಗಣಿತದ ಹಿನ್ನೆಲೆ ಸಾಲದು ಎಂದು ಅವರಿಗೆ ಅರ್ಥಶಾಸ್ತ್ರದ ಪಿಎಚ್‌ಡಿಗೆ ಸೀಟು ಸಿಗಲಿಲ್ಲ. ರಾಜ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರು. ವಿಷಯ, ಲಾಸ್ ಏಂಜಲೀಸ್ ಸೀಮೆಯ ಅಂತರ್ಜಲವನ್ನು ಜನ ಹೇಗೆ ಹಂಚಿಕೊಳ್ಳುತ್ತಾರೆ ಎಂಬುದು. ಎಲ್ಲರಿಗೂ ಸೇರಿದ ಸಂಪತ್ತನ್ನು ಜನ ಹಾಳು ಮಾಡಿಯೇ ಮಾಡುತ್ತಾರೆ, ಸರ್ಕಾರ ಹಿಡಿತಕ್ಕೆ ತೆಗೆದುಕೊಳ್ಳಬೇಕು ಇಲ್ಲವೇ ಖಾಸಗಿಗೆ ಕೊಡಬೇಕು ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ಆಸ್ಟ್ರಾಮ್ ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಸ್ಪೇನಿನ ನೀರಾವರಿ ಕಾಲುವೆ, ಜಪಾನಿನ ಹಳ್ಳಿಗಳ ಕಾಡು ಇವನ್ನೆಲ್ಲ ಅಧ್ಯಯನ ಮಾಡಿ, ಜನ ತಾವೇ ನಿಯಮ ಮಾಡಿಕೊಂಡು ನೂರಾರು ವರ್ಷ ಇವನ್ನು ಕಾಪಾಡಿಕೊಂಡು ಬಂದ ಉದಾಹರಣೆಗಳನ್ನು ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರೇ. ನಮ್ಮ ಕಡೆ ಕೆರೆ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ಬಿಡುತ್ತಿದ್ದ ನೀರುಗಂಟಿಯ ಕೆಲಸವೂ ಇಂಥದ್ದೇ ಅಲ್ಲವೇ ಎಂದುಕೊಂಡೆ.

ಪಾವಗಡದಿಂದ ಮೊರಾಕ್ಕೊವರೆಗೆ

ಇದರಲ್ಲಿ ‘ಜಾಗತಿಕ’ ಏನಿದೆ ಎಂಬ ಅನುಮಾನ ನನಗೂ ಇತ್ತು. ಪಾವಗಡದ ವಿಷಯ ಪಾವಗಡದವರು ನೋಡಿಕೊಂಡರೆ ಸಾಲದೇ?

ಆಫ್ರಿಕಾದ ಮೊರಾಕ್ಕೊದಲ್ಲಿ ಊರ್ಜಾಜಾತ್ ಎಂಬ ಊರಿನ ಹತ್ತಿರ ನೂರ್ ಎಂಬ ದೊಡ್ಡ ಸೌರ ವಿದ್ಯುತ್ ಸ್ಥಾವರ ಇದೆ. ಅದೂ ಒಣ ಸೀಮೆಯೇ. ಅಲ್ಲಿ ಜಮೀನು ಒಬ್ಬೊಬ್ಬ ರೈತನದ್ದಲ್ಲ, ಸಮುದಾಯಕ್ಕೆ ಸೇರಿದ್ದು. ಗುತ್ತಿಗೆಗೆ ಪಡೆಯದೆ ಕೊಂಡುಕೊಂಡರು. ಅಲ್ಲಿನ ಮೊದಲ ಘಟಕ ಫಲಕಗಳದ್ದಲ್ಲ. ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸಿ ಹಬೆ ಮಾಡುವಂಥದ್ದು, ತಂಪು ಮಾಡಲು ನೀರು ಬೇಕು. ಒಣ ಸೀಮೆಯ ನೀರು ಯಾರಿಗೆ ಹೋಗಬೇಕು ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಪಾವಗಡದ ಫಲಕಕ್ಕೆ ತೊಳೆಯುವುದಕ್ಕಷ್ಟೇ ನೀರು. ಎರಡನ್ನೂ ಪಕ್ಕ ಇಟ್ಟು ನೋಡಿದಾಗ ಗುತ್ತಿಗೆಯ ಬೆಲೆಯೂ ತಿಳಿಯುತ್ತದೆ, ತಂತ್ರಜ್ಞಾನದ ಆಯ್ಕೆಯೇ ಸಮಾಜದ ಪ್ರಶ್ನೆ ಎಂಬುದೂ ತಿಳಿಯುತ್ತದೆ.

ಜರ್ಮನಿಯದು ಇನ್ನೊಂದು ಕಥೆ. ಅಲ್ಲಿನ ರೂರ್ ಪ್ರದೇಶ ಒಂದು ಕಾಲಕ್ಕೆ ಯೂರೋಪಿನ ಕಲ್ಲಿದ್ದಲ ಕಣಜ. ಕಲ್ಲಿದ್ದಲ ಗಣಿಗಳಿಗೆ ಕೊಡುತ್ತಿದ್ದ ಸಹಾಯಧನವನ್ನು 2018ಕ್ಕೆ ಕೊನೆಗೊಳಿಸಬೇಕೆಂದು 2007ರಲ್ಲಿಯೇ ತೀರ್ಮಾನಿಸಿದರು. ಬೊಟ್ರಾಪ್ ಊರಿನ ಕೊನೆಯ ಗಣಿ ಮುಚ್ಚಿದ್ದು 2018ರ ಡಿಸೆಂಬರ್‌ನಲ್ಲಿ. ನಡುವಿನ ಹನ್ನೊಂದು ವರ್ಷದಲ್ಲಿ ಕಾರ್ಮಿಕರಿಗೆ ಮುಂಚಿತ ನಿವೃತ್ತಿ, ಬೇರೆ ಕೆಲಸಕ್ಕೆ ತರಬೇತಿ, ವರ್ಗಾವಣೆ ಎಲ್ಲ ನಡೆಯಿತು. ಇಂಧನ ಬದಲಾಗುವಾಗ ಕೆಲಸ ಕಳೆದುಕೊಳ್ಳುವವರ ಕೈ ಬಿಡಬಾರದು ಎಂಬ ಈ ವಿಚಾರಕ್ಕೆ ‘ನ್ಯಾಯಯುತ ಪರಿವರ್ತನೆ’ ಎನ್ನುತ್ತಾರೆ. ಗಣಿ ಕಾರ್ಮಿಕರಿಗೆ ಸಂಘವಿತ್ತು, ಹಾಜರಿ ಪುಸ್ತಕವಿತ್ತು, ಕೆಲಸ ಹೋಯಿತು ಎಂದು ತೋರಿಸಲು ದಾಖಲೆಯಿತ್ತು. ಕಡಲೆಕಾಯಿ ಕೀಳುವ ಕೂಲಿಗೆ ಯಾವ ಹಾಜರಿ ಪುಸ್ತಕ?

ಇದು ನಾಳೆ ನಮ್ಮ ರಾಜ್ಯದ ಇನ್ನೊಂದು ತುದಿಗೂ ಬರುವ ಪ್ರಶ್ನೆ. 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆ ಎಂದು ಭಾರತ 2021ರಲ್ಲಿ ಗ್ಲಾಸ್ಗೊದಲ್ಲಿ ಘೋಷಿಸಿದೆ. ಹಾಗಾದರೆ 1,720 ಮೆಗಾವಾಟ್ ಸಾಮರ್ಥ್ಯದ ರಾಯಚೂರು ಶಾಖೋತ್ಪನ್ನ ಕೇಂದ್ರವನ್ನೇ ನಂಬಿಕೊಂಡ ಶಕ್ತಿನಗರದ ಗುತ್ತಿಗೆ ಕಾರ್ಮಿಕರು, ಲಾರಿಯವರು, ಹೋಟೆಲಿನವರು ಮುಂದೆ ಏನು ಮಾಡಬೇಕು? ಇದಕ್ಕೆ ಈಗಿನಿಂದಲೇ ಲೆಕ್ಕ ಹಾಕುವವರು ಬೇಕು. ಅವರಿಗೆ ಮೆಗಾವಾಟೂ ಅರ್ಥವಾಗಬೇಕು, ಮನುಷ್ಯರೂ ಅರ್ಥವಾಗಬೇಕು.

ಓದು ಸುಲಭವೇನಲ್ಲ

ಆಸೆ ಹುಟ್ಟಿಸುವ ಮಾತನ್ನಷ್ಟೇ ಹೇಳಿದರೆ ಮೋಸವಾಗುತ್ತದೆ. ಅಕ್ಕ ಕಷ್ಟಗಳನ್ನೂ ಬಿಚ್ಚಿ ಹೇಳಿದರು.

ಮೊದಲನೆಯದು ಓದು. ನಾವು ಪರೀಕ್ಷೆಗೆ ಮೂರು ದಿನ ಇರುವಾಗ ನೋಟ್ಸ್ ಜೆರಾಕ್ಸ್ ಮಾಡಿಸುವವರು. ಅಲ್ಲಿ ಪ್ರತಿ ಕ್ಲಾಸಿಗೂ ಮುಂಚೆ ಮೂವತ್ತು, ನಲವತ್ತು ಪುಟ ಓದಿಕೊಂಡು ಹೋಗಬೇಕು, ಅದೂ ಗಡುಸು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ಅಕ್ಕ ಮೊದಲ ಎರಡು ತಿಂಗಳು ಹಾಸ್ಟೆಲಿನಲ್ಲಿ ಅತ್ತಿದ್ದಾರೆ. ಆದರೆ ಕ್ಷೇತ್ರಕಾರ್ಯಕ್ಕೆ ಹಳ್ಳಿಗೆ ಹೋದಾಗ ಲೆಕ್ಕ ಉಲ್ಟಾ ಆಯಿತಂತೆ. ಪಟಪಟ ಇಂಗ್ಲಿಷ್ ಮಾತಾಡುತ್ತಿದ್ದವರು ಅಂಗಳದಲ್ಲಿ ಸುಮ್ಮನೆ ನಿಂತಿದ್ದರು. ಅಕ್ಕ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಹೆಂಗಸರ ಜೊತೆ ಮಾತಿಗಿಳಿದಿದ್ದರು.

ಎರಡನೆಯದು, ಇಲ್ಲಿ ಉತ್ತರ ಪುಸ್ತಕದ ಕೊನೆಯಲ್ಲಿ ಇರುವುದಿಲ್ಲ. ಸೂತ್ರ ಹಾಕಿದರೆ ಉತ್ತರ ಬರಬೇಕು ಎಂದು ಅಭ್ಯಾಸವಾದ ನಮಗೆ ಇದು ಹಿಂಸೆ. ಹಾಗೆಂದು ಬಾಯಿಗೆ ಬಂದಂತೆ ಮಾತಾಡುವ ಹಾಗೂ ಇಲ್ಲ. ಸ್ಯಾಂಪಲ್ ಆರಿಸುವುದು, ಪ್ರಶ್ನಾವಳಿ ಮಾಡುವುದು, ಸಂದರ್ಶನ ಮಾಡಿ ಬರೆದಿಡುವುದು, ಸರ್ಕಾರಿ ದತ್ತಾಂಶ ಓದುವುದು, ಅಂಕಿಅಂಶದ ಸಾಫ್ಟ್‌ವೇರ್ ಬಳಸುವುದು ಎಲ್ಲವನ್ನೂ ಕಲಿಯಬೇಕು. ಗಣಿತದ ವಿಷಯದಲ್ಲಿ ಇಂಜಿನಿಯರಿಂಗ್‌ನವರಿಗೆ ಸ್ವಲ್ಪ ಅನುಕೂಲ.

ಮೂರನೆಯದು ಸಂಬಳ. ಸಾಫ್ಟ್‌ವೇರ್ ಕಂಪನಿಗೆ ಸೇರಿದ ಗೆಳೆಯರು ಬೈಕಿನಿಂದ ಕಾರಿಗೆ ಬರುವ ಹೊತ್ತಿಗೆ ನೀವು ಇನ್ನೂ ಬಸ್ಸಿನಲ್ಲೇ ಇರಬಹುದು. ಶುರುವಿನ ಕೆಲಸಗಳು ಎಷ್ಟೋ ಸಲ ವರ್ಷದ ಗುತ್ತಿಗೆಯವು. ಮನೆಯಲ್ಲಿ ಸಾಲವಿರುವವರು ಇದನ್ನು ಮೊದಲೇ ಯೋಚಿಸಬೇಕು.

ಎಲ್ಲಿ ಓದಬಹುದು?

ಬೆಂಗಳೂರಿನಲ್ಲೇ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಡೆವಲಪ್‌ಮೆಂಟ್ ಎಂಎ ಇದೆ. ಯಾವುದೇ ಪದವಿ ಮುಗಿಸಿದವರು ಪ್ರವೇಶ ಪರೀಕ್ಷೆ, ಸಂದರ್ಶನದ ಮೂಲಕ ಸೇರಬಹುದು. ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ. ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಎರಡು ವರ್ಷದ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಕೋರ್ಸಿದೆ. ಅದಕ್ಕೆ ಕಾನೂನು ಓದಿರಬೇಕಿಲ್ಲ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಷ್ಟು ಹಳೆಯದು. ಐಐಟಿ ಎಂದರೆ ಬಿಟೆಕ್ ಮಾತ್ರ ಎಂದುಕೊಂಡಿದ್ದೆ. ಐಐಟಿ ಹೈದರಾಬಾದ್‌ನಲ್ಲಿ ಡೆವಲಪ್‌ಮೆಂಟ್ ಸ್ಟಡೀಸ್, ಗಾಂಧಿನಗರದಲ್ಲಿ ಸಮಾಜ ಮತ್ತು ಸಂಸ್ಕೃತಿ ಎಂಬ ಎಂಎಗಳಿವೆ. ಇಂಜಿನಿಯರಿಂಗ್ ಬಿಡಲು ಮನಸ್ಸಿಲ್ಲದವರಿಗೆ ಐಐಟಿ ಬಾಂಬೆಯ ಸಿತಾರಾ ಕೇಂದ್ರದಲ್ಲಿ ತಂತ್ರಜ್ಞಾನ ಮತ್ತು ಅಭಿವೃದ್ಧಿ ಎಂಬ ಎಂಟೆಕ್ ಇದೆ, ಗೇಟ್ ಅಂಕ ಬೇಕು.

ವಿದೇಶದಲ್ಲಿ ನೆದರ್ಲೆಂಡ್ಸ್‌ನ ಹೇಗ್ ನಗರದ ಐಎಸ್ಎಸ್, ಇಂಗ್ಲೆಂಡಿನ ಸಸೆಕ್ಸ್‌ನಲ್ಲಿರುವ ಐಡಿಎಸ್ ಈ ವಿಷಯಕ್ಕೆ ಹೆಸರಾದ ಹಳೆಯ ಸಂಸ್ಥೆಗಳು. ಯೂರೋಪಿನ ಎರಾಸ್ಮಸ್ ಮುಂಡಸ್ ಯೋಜನೆಯಲ್ಲಿ ಎರಡು, ಮೂರು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಸುತ್ತಿ ಓದುವ ಕೋರ್ಸುಗಳಿವೆ. ವಿದ್ಯಾರ್ಥಿವೇತನ ಸಿಕ್ಕರೆ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೊ ಖರ್ಚಿಗೆ ಕೊಡುತ್ತಾರೆ. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ವಿದೇಶಿ ಓದಿಗೆ ನಮ್ಮ ರಾಜ್ಯ ಸರ್ಕಾರದ ‘ಪ್ರಬುದ್ಧ’ ಯೋಜನೆಯ ನೆರವಿದೆ. ನಿಯಮಗಳು ವರ್ಷವರ್ಷ ಬದಲಾಗುತ್ತವೆ, ಅರ್ಜಿ ಹಾಕುವ ಮುಂಚೆ ಆಯಾ ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳಿ.

ಕೋರ್ಸಿನ ಹೆಸರು ನೋಡಿ ಮರುಳಾಗಬೇಡಿ ಎಂದೂ ಅಕ್ಕ ಎಚ್ಚರಿಸಿದರು. ಕ್ಷೇತ್ರಕಾರ್ಯ ಎಷ್ಟು ವಾರ, ಸಂಶೋಧನಾ ವಿಧಾನ ಕಲಿಸುತ್ತಾರೋ ಇಲ್ಲವೋ, ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ ಎಂದು ಕೇಳಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರಿಗಾದರೂ ಫೋನ್ ಮಾಡಬೇಕು.

ಕೆಲಸ ಎಲ್ಲಿ ಸಿಗುತ್ತದೆ ಎಂದರೆ, ಸ್ವಯಂಸೇವಾ ಸಂಸ್ಥೆ, ಸಂಶೋಧನಾ ಸಂಸ್ಥೆ, ಸರ್ಕಾರದ ಫೆಲೋಶಿಪ್, ಸಾರ್ವಜನಿಕ ನೀತಿ ಸಲಹಾ ಸಂಸ್ಥೆಗಳು. ಇನ್ನು ಕಂಪನಿಗಳು. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಟ್ಟ ಮೀರಿದ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಷೇರುಪೇಟೆಯ ಅಗ್ರ ಸಾವಿರ ಕಂಪನಿಗಳು ಪರಿಸರ, ಸಮಾಜದ ವಿಚಾರದಲ್ಲಿ ಏನು ಮಾಡುತ್ತಿವೆ ಎಂದು ವರ್ಷಕ್ಕೊಮ್ಮೆ ವರದಿ ಕೊಡಬೇಕೆಂದು ಸೆಬಿ ಕಡ್ಡಾಯ ಮಾಡಿದೆ. ಈ ಕೆಲಸಕ್ಕೆ ಎರಡೂ ಕಡೆ ಗೊತ್ತಿರುವವರು ಬೇಕಾಗುತ್ತಾರೆ.

ಅಪ್ಪನ ಅಂಗಡಿಯಲ್ಲಿ

ಇಷ್ಟೆಲ್ಲ ತಿಳಿದ ಮೇಲೆ ಮನೆಯಲ್ಲಿ ಹೇಳುವುದು ಬಾಕಿಯಿತ್ತು. ನಮ್ಮಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ಮತ್ತೆ ಓಡಿಸುವುದು ಅವರ ಕೆಲಸ. ಹತ್ತನೇ ಕ್ಲಾಸಿಗೆ ಓದು ಬಿಟ್ಟವರು. ನಾನು ಇಲೆಕ್ಟ್ರಿಕಲ್ ಇಂಜಿನಿಯರ್ ಆಗಬೇಕೆಂಬುದು ನನಗಿಂತ ಹೆಚ್ಚಾಗಿ ಅವರ ಆಸೆ. ನನ್ನ ಓದಿಗೆ ಬ್ಯಾಂಕಿನಲ್ಲಿ ಸಾಲವಿದೆ. ಏಳನೇ ಸೆಮಿಸ್ಟರ್‌ಗೆ ಕ್ಯಾಂಪಸ್ ಇಂಟರ್‌ವ್ಯೂ ಶುರುವಾಗುತ್ತದೆ.

ಒಂದು ಭಾನುವಾರ ಅಂಗಡಿಯಲ್ಲಿ ಕೂತು ವಿಷಯ ತೆಗೆದೆ. ಅಪ್ಪ ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ.

‘ಅದನ್ನ ಓದಿದ್ರೆ ಏನಾಗ್ತೀಯಮ್ಮ?’

ಡಾಕ್ಟರು, ಇಂಜಿನಿಯರು, ಮೇಷ್ಟ್ರು ಎನ್ನುವ ಹಾಗೆ ಒಂದು ಪದದಲ್ಲಿ ಹೇಳಲು ನನಗೆ ಆಗಲಿಲ್ಲ. ಅದಕ್ಕೆ ಅಂಗಡಿಯನ್ನೇ ಉದಾಹರಣೆ ಮಾಡಿದೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಎಲ್ಲರೂ ಬೋರ್ ಕೊರೆಸುತ್ತಾರೆ, ನೀರು ಕೆಳಗೆ ಹೋಗುತ್ತದೆ, ಇನ್ನೂ ಆಳಕ್ಕೆ ಕೊರೆಸುತ್ತಾರೆ, ಮೋಟಾರಿನ ಮೇಲೆ ಭಾರ ಹೆಚ್ಚಾಗುತ್ತದೆ. ಮೋಟಾರು ಯಾಕೆ ಸುಟ್ಟಿತು ಎಂದು ಇಂಜಿನಿಯರಿಂಗ್ ಹೇಳುತ್ತದೆ. ಎಲ್ಲರೂ ಯಾಕೆ ಕೊರೆಸುತ್ತಿದ್ದಾರೆ, ಬೋರ್ ಕೊರೆಸಲು ದುಡ್ಡಿಲ್ಲದವನ ಗತಿ ಏನು ಎಂದು ಕೇಳುವುದು ಈ ಓದು ಎಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ನೀರು ಕೆಳಕ್ಕೆ ಹೋದಷ್ಟೂ ನನಗೆ ಕೆಲಸ ಜಾಸ್ತಿ. ನಿನ್ನ ಫೀಸು ಕಟ್ಟಿದ್ದೂ ಅದರಿಂದಾನೇ. ಇದನ್ನ ಒಳ್ಳೇದು ಅಂತ ಬರೀತೀಯೋ ಕೆಟ್ಟದ್ದು ಅಂತ ಬರೀತೀಯೋ?’

ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದವಳಿಗೆ ಅಪ್ಪನಿಂದ ಇನ್ನೊಂದು ಪ್ರಶ್ನೆ ಸಿಕ್ಕಿತು. ಈ ಸಮಸ್ಯೆಗಳನ್ನೆಲ್ಲ ನಾನು ಹೊರಗೆ ನಿಂತು ನೋಡುತ್ತಿದ್ದೇನೆ ಎಂದುಕೊಂಡಿದ್ದೆ. ಅವತ್ತು ನನ್ನ ಫೀಸಿನ ರಸೀದಿಯೂ ಆ ಲೆಕ್ಕದೊಳಗೇ ಇದೆ ಎಂದು ತಿಳಿಯಿತು.

ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಕ್ಯಾಂಪಸ್ ಇಂಟರ್‌ವ್ಯೂಗೆ ಕೂರುತ್ತೇನೆ. ಕೆಲಸ ಸಿಕ್ಕರೆ ಎರಡು ವರ್ಷ ಮಾಡಿ ಬ್ಯಾಂಕಿನ ಸಾಲ ತೀರಿಸುತ್ತೇನೆ. ಆಮೇಲೂ ಇದೇ ಆಸೆ ಉಳಿದಿದ್ದರೆ ಅರ್ಜಿ ಹಾಕುತ್ತೇನೆ. ಅಪ್ಪ ಅಡ್ಡಿ ಮಾಡುವುದಿಲ್ಲ. ‘ಎರಡು ವರ್ಷ ಆದ್ಮೇಲೂ ನೆನಪಿದ್ರೆ ಅದು ನಿಜವಾದ ಆಸೆ’ ಎಂದರು. ನನಗೂ ಅದು ಸರಿ ಅನ್ನಿಸಿತು. ಮನೆಯಲ್ಲಿ ಅನುಕೂಲ ಇರುವವರು ಕಾಯಬೇಕಾಗಿಲ್ಲ. ನನ್ನಂಥವರಿಗೆ ಈ ದಾರಿಯೂ ಇದೆ ಎಂದು ಹೇಳುತ್ತಿದ್ದೇನೆ ಅಷ್ಟೇ.

ಅಲ್ಲಿಯವರೆಗೆ ಸುಮ್ಮನೆ ಕೂರುವುದೂ ಇಲ್ಲ. ಈ ಸೆಮಿಸ್ಟರ್ ನಮ್ಮ ನಾಲ್ವರ ತಂಡದ ಮಿನಿ ಪ್ರಾಜೆಕ್ಟ್ ಸೋಲಾರ್ ಪಂಪಿನ ಬಗ್ಗೆ. ವರದಿಯಲ್ಲಿ ‘ಇದರಿಂದ ಯಾರಿಗೆ ಅನುಕೂಲ, ಯಾರಿಗೆ ಇಲ್ಲ’ ಎಂಬ ಒಂದು ಅಧ್ಯಾಯ ಸೇರಿಸುತ್ತೇವೆ ಎಂದು ಕೇಳಿದೆವು. ಸರ್ ಮೊದಲು ಬೇಡವೆಂದರು, ಆಮೇಲೆ ಅನುಬಂಧದಲ್ಲಿ ಎರಡು ಪುಟಕ್ಕೆ ಒಪ್ಪಿದರು. ಆ ಎರಡು ಪುಟಕ್ಕಾಗಿ ದೊಡ್ಡಮ್ಮನ ಹಳ್ಳಿಯಲ್ಲಿ ಇಪ್ಪತ್ತು ಮನೆಗಳಿಗೆ ಹೋಗಬೇಕೆಂದು ಪಟ್ಟಿ ಮಾಡಿದ್ದೇವೆ. ಹತ್ತು ಮನೆ ಜಮೀನಿದ್ದವರದು, ಹತ್ತು ಮನೆ ಇಲ್ಲದವರದು.

ಫೋನಿನಲ್ಲಿ ಹೇಳಿದಾಗ ದೊಡ್ಡಮ್ಮ ನಕ್ಕರು. ‘ಬನ್ನಿ, ಆದ್ರೆ ಬೆಳಿಗ್ಗೆ ಏಳರೊಳಗೆ ಬನ್ನಿ. ಆಮೇಲೆ ಬಂದ್ರೆ ಜಮೀನಿಲ್ಲದೋರು ಯಾರೂ ಮನೇಲಿ ಸಿಗಲ್ಲ’ ಎಂದರು.

ಇದನ್ನು ನಾವು ಪ್ರಶ್ನಾವಳಿ ತಯಾರಿಸುವಾಗ ಯೋಚಿಸಿರಲಿಲ್ಲ. ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಈಗ ವಿಚಾರಿಸುತ್ತಿದ್ದೇವೆ.